ಇಲಾಖೆಯ ಎದುರಿನ ಅಂಗಡಿ

ಅಂತರ್ಜಲ ಇಲಾಖೆಯನ್ನು ರಾಜಧಾನಿಯಿಂದ ಎತ್ತಂಗಡಿ ಮಾಡುತ್ತಾರೆ ಎಂಬ ಮಾತು ಆ ಮನೆಯಲ್ಲಿ ಹೊಸದೇನಾಗಿರಲಿಲ್ಲ. ಸರಕಾರ ಬದಲಾದಾಗಲೆಲ್ಲ ಅದು ಒಂದು ಸಲ ತಲೆ ಎತ್ತುತ್ತಿತ್ತು, ಪತ್ರಿಕೆಯ ಮೂಲೆಯಲ್ಲಿ ಕಾಣಿಸಿಕೊಂಡು ತಾನಾಗಿಯೇ ತಣ್ಣಗಾಗುತ್ತಿತ್ತು. ಹಾಗಾಗಿ ಆ ಸಂಜೆ ಸೊಸೆ ಚಪ್ಪಲಿ ಬಿಡುತ್ತಲೇ "ಈ ಸಲ ಆದೇಶಾನೇ ಆಗಿದೆ ಅತ್ತೆ" ಎಂದಾಗ ಕಾಜಾ ಅಮ್ಮ ಒಲೆಯ ಮೇಲಿನ ಬೇಳೆಯಿಂದ ಕಣ್ಣು ಕೀಳಲಿಲ್ಲ. ಉಕ್ಕಿದರೆ ಒಲೆ ಒರೆಸಬೇಕಾದವಳು ತಾನೇ.

ಕಾಜಾ ಅಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಗಂಡ ತೀರಿಕೊಂಡ ಮೇಲೆ ಅಂಗಿ ಕಾರ್ಖಾನೆಯೊಂದರಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತ ಒಬ್ಬನೇ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಕಾರ್ಖಾನೆ ಬಿಟ್ಟು ವರ್ಷಗಳಾದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಮಗ ಇಲಾಖೆಯ ಗೇಟಿನ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಕೆಲಸಕ್ಕೆ ಸೇರುವ ದಿನ ತನ್ನ ಸರ್ಟಿಫಿಕೇಟುಗಳ ನಕಲು ಮಾಡಿಸಲು ಆ ಅಂಗಡಿಗೆ ಬಂದವಳೇ ಈ ಸೊಸೆ. ಈಗ ಅವಳು ಮೇಲಿನ ಮಹಡಿಯ ಪ್ರಯೋಗಾಲಯದ ಮುಖ್ಯಸ್ಥೆ. ಊರೂರಿನ ಬಾವಿಗಳಿಂದ ಬಾಟಲಿಯಲ್ಲಿ ಬರುವ ನೀರನ್ನು ಪರೀಕ್ಷಿಸಿ ಕುಡಿಯಲು ಯೋಗ್ಯವೋ ಅಲ್ಲವೋ ಎಂದು ಹೇಳುವ ಕೆಲಸ. ಅವಳು ಗೇಟಿನ ಒಳಗೆ, ಗಂಡ ಗೇಟಿನ ಹೊರಗೆ. ಮನೆ ನಡೆಯುತ್ತಿದ್ದುದು ಆ ಒಂದು ಇಲಾಖೆಯಿಂದ.

ಊಟಕ್ಕೆ ಕೂತಾಗ ಸೊಸೆ ವಿಷಯ ಬಿಡಿಸಿ ಹೇಳಿದಳು. ರೈಲಿನಲ್ಲಿ ಹಗಲೆಲ್ಲ ಕೂತರೆ ಸಿಗುವ ಒಂದು ಒಣ ಊರು. ಅಲ್ಲಿ ಮುಚ್ಚಿಹೋದ ಹತ್ತಿ ಗಿರಣಿಯೊಂದನ್ನು ದುರಸ್ತಿ ಮಾಡಿ ಇಡೀ ಕೇಂದ್ರ ಕಚೇರಿಯನ್ನು ಅಲ್ಲಿಗೆ ಸಾಗಿಸುತ್ತಾರಂತೆ. ಕಚೇರಿ ಜನರ ಹತ್ತಿರ ಇರಬೇಕು ಎಂಬುದು ಸರಕಾರ ಕೊಟ್ಟ ಕಾರಣ.

ಮಗ ರೊಟ್ಟಿ ಮುರಿಯುತ್ತ ನಕ್ಕ. "ಆಫೀಸರ್ಸ್ ಎಲ್ಲಾ ಇಲ್ಲೇ ಮನೆ ಕಟ್ಕೊಂಡಿದ್ದಾರೆ. ಅವರು ಬಿಡ್ತಾರೇನೆ? ಕೋರ್ಟಿಗೆ ಹೋಗ್ತಾರೆ, ನೋಡ್ತಿರು."

ಅವನು ಹೇಳಿದಂತೆಯೇ ಆಯಿತು. ನೌಕರರ ಸಂಘ ಕೋರ್ಟಿಗೆ ಹೋಯಿತು. ಗೇಟಿನ ಮುಂದೆ ಶಾಮಿಯಾನ ಹಾಕಿದರು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರು, ಬಾಗಿಲಿಗೆ ಬಂದವರಿಗೆಲ್ಲ ಕರಪತ್ರ ಹಂಚಿದರು. ಆ ಕರಪತ್ರ, ಆ ಮನವಿ, ಕೋರ್ಟಿನ ಕಾಗದ ಎಲ್ಲವೂ ಎದುರಿನ ಅಂಗಡಿಯಲ್ಲೇ ನಕಲಾಗಬೇಕು. ಮಗನಿಗೆ ಉಸಿರಾಡಲು ಪುರುಸೊತ್ತಿಲ್ಲ. ಮಧ್ಯಾಹ್ನದ ಬುತ್ತಿಯನ್ನು ನಿಂತುಕೊಂಡೇ ತಿಂದು, ಸಂಜೆ ಬೆರಳಿಗೆಲ್ಲ ಮಸಿ ಮೆತ್ತಿಕೊಂಡು ಬರುತ್ತಿದ್ದ. ಇಲಾಖೆ ಹೋಗದಿರಲೆಂದು ನಡೆದ ಆ ಗಲಾಟೆಯ ದಿನಗಳಲ್ಲಿ ಆದಷ್ಟು ವ್ಯಾಪಾರ ಅವನಿಗೆ ಇಲಾಖೆ ನೆಟ್ಟಗಿದ್ದಾಗ ಎಂದೂ ಆಗಿರಲಿಲ್ಲ. ಮಗಳಿಗೆ ಹೊಸ ಶೂ ತಂದ. ತಾಯಿಗೆ ಕುಕ್ಕರ್ ತಂದ. "ಹಳೇದು ಚೆನ್ನಾಗೇ ಇತ್ತಲ್ಲೋ" ಎಂದು ಗೊಣಗಿದರೂ ಕಾಜಾ ಅಮ್ಮ ಅದನ್ನು ಬೀದಿಯ ಹೆಂಗಸರಿಗೆಲ್ಲ ತೋರಿಸಿದಳು.

ಆಮೇಲೆ ಕೋರ್ಟು ಇಲ್ಲ ಎಂದಿತು. ಶಾಮಿಯಾನ ಬಿಚ್ಚಿದರು. ಕಪ್ಪು ಪಟ್ಟಿ ಕಟ್ಟಿಕೊಂಡಿದ್ದವರೇ ಆ ಒಣ ಊರಿನಲ್ಲಿ ಬಾಡಿಗೆ ಮನೆ ಹೇಗೆ, ಶಾಲೆ ಹೇಗೆ ಎಂದು ವಿಚಾರಿಸತೊಡಗಿದರು. ವಯಸ್ಸಾದವರು ನಿವೃತ್ತಿ ಬರೆದುಕೊಟ್ಟರು. ವಶೀಲಿ ಇದ್ದವರು ಬೇರೆ ಇಲಾಖೆಗೆ ಜಿಗಿದರು. ಸೊಸೆಗೂ ಹಾಗೊಂದು ದಾರಿ ಇತ್ತು. ರಾಜಧಾನಿಯಲ್ಲೇ ಉಳಿಯುವ ಇನ್ನೊಂದು ಇಲಾಖೆಯಲ್ಲಿ ಗುಮಾಸ್ತೆಯ ಜಾಗ ಖಾಲಿ ಇತ್ತು. ದರ್ಜೆ ಕಮ್ಮಿ, ನೀರಿಗೂ ಬಾಟಲಿಗೂ ಸಂಬಂಧವಿಲ್ಲ, ಕಡತ ಕಟ್ಟಿಡುವ ಕೆಲಸ.

ಮಗ ಅದನ್ನೇ ಹಿಡಿದುಕೊಂಡ. ಮೊದಲು ನಯವಾಗಿ ಹೇಳಿದ, ಆಮೇಲೆ ಮುಖ ಗಂಟಿಕ್ಕಿಕೊಂಡು ಹೇಳಿದ. ಮಗಳು ಹತ್ತನೇ ತರಗತಿ, ನಡುವೆ ಶಾಲೆ ಬಿಡಿಸಲಾಗುತ್ತದೆಯೇ? ಅಮ್ಮ ಈ ವಯಸ್ಸಿನಲ್ಲಿ ಊರು ಬಿಡಬೇಕೇ? ಅಂಗಡಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಲಾದೀತೇ? ಸೊಸೆ ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟಳು. ಕೊನೆಗೆ ಒಂದು ಭಾನುವಾರ, ಬಟ್ಟೆ ಒಣಹಾಕುತ್ತಿದ್ದವಳು ಹಗ್ಗ ಹಿಡಿದುಕೊಂಡೇ ತಿರುಗಿ ನಿಂತಳು.

"ಆ ಲ್ಯಾಬಿನಲ್ಲಿ ಬಾಟಲಿ ತೊಳೆಯೋದರಿಂದ ಶುರು ಮಾಡಿದೋಳು ನಾನು. ಈಗ ನನ್ನ ಕೈಗೆ ಬಂದಿದೆ. ಅದನ್ನ ಬಿಟ್ಟು ಕಡತ ಕಟ್ಕೊಂಡು ಕೂತ್ಕೋ ಅಂತೀರಲ್ಲ, ನೀವಾಗಿದ್ರೆ ಕೂತ್ಕೋತಿದ್ರಾ?"

"ನಾನಾಗಿದ್ರೆ ಮನೆ ನೋಡ್ತಿದ್ದೆ."

"ಸರಿ, ಮನೇನೇ ನೋಡೋಣ. ನೀವೂ ಬನ್ನಿ. ಆಫೀಸಿಗೆ ಜೆರಾಕ್ಸ್ ಅಲ್ಲೂ ಬೇಕು."

"ಹೆಂಡ್ತಿ ಸೆರಗು ಹಿಡ್ಕೊಂಡು ಹೋದ ಅಂತ ಅನ್ನಿಸ್ಕೊಳ್ಳೋಕಾ?" ಎಂದು ಮಗ ಬನಿಯನ್ನಿನಲ್ಲೇ ಬೀದಿಗೆ ಹೊರಟುಹೋದ.

ಅಂದಿನಿಂದ ಗಂಡ ಹೆಂಡತಿ ಜಗಳವಾಡಲಿಲ್ಲ. ಕಾಜಾ ಅಮ್ಮನಿಗೆ ಅದೇ ಹೆದರಿಕೆಯಾಯಿತು. ಮದುವೆಯಾದಾಗಿನಿಂದ ಸೊಳ್ಳೆಪರದೆಯ ಗಂಟಿಗೂ ಟೂತ್‌ಪೇಸ್ಟಿನ ಮುಚ್ಚಳಕ್ಕೂ ಕಚ್ಚಾಡಿದ ಜೋಡಿ ಅದು. ಈಗ "ಉಪ್ಪು ಕೊಡ್ತೀಯಾ", "ತಗೊಳ್ಳಿ" ಎಂದು ಮನೆಗೆ ಬಂದ ನೆಂಟರಂತೆ ಮಾತಾಡುತ್ತಿದ್ದರು. ಮೊಮ್ಮಗಳು ಅಪ್ಪನ ಮುಖ, ಅಮ್ಮನ ಮುಖ ನೋಡಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ತಿನ್ನುತ್ತಿದ್ದಳು.

ಕಾಜಾ ಅಮ್ಮ ಆಗ ಮಗನ ಕಡೆಗೇ ಇದ್ದಳು. ಮುಚ್ಚುಮರೆ ಏನಿಲ್ಲ. ಒಂದು ದಿನ ಸೊಪ್ಪು ಬಿಡಿಸುತ್ತ ಸೊಸೆಗೆ ನೇರವಾಗಿಯೇ ಹೇಳಿದಳು, ಸಂಸಾರ ಎರಡು ಕಡೆ ಹಂಚಿಹೋದರೆ ಮತ್ತೆ ಕೂಡಿಸುವುದು ಕಷ್ಟ, ಆ ಗುಮಾಸ್ತೆ ಕೆಲಸವನ್ನೇ ಒಪ್ಪಿಕೊ ಎಂದು. ಸೊಸೆ ತಲೆ ಎತ್ತಲಿಲ್ಲ. "ನೀವೂ ಹಾಗೇ ಅಂತೀರಾ ಅತ್ತೆ" ಎಂದಷ್ಟೇ ಹೇಳಿ ಬೇರೊಂದು ಕಟ್ಟು ಸೊಪ್ಪು ಎಳೆದುಕೊಂಡಳು. ಕಾಜಾ ಅಮ್ಮನಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ.

ಸಾಮಾನು ಸಾಗಿಸುವ ಕೆಲಸ ಶುರುವಾಯಿತು. ಮೊದಲ ಲಾರಿಯಲ್ಲಿ ಹೋದ ಗಾಜಿನ ಸಾಮಾನಿನಲ್ಲಿ ಅರ್ಧಕ್ಕರ್ಧ ಚೂರಾಗಿ ತಲುಪಿತಂತೆ. ಗುತ್ತಿಗೆದಾರ ಹುಲ್ಲು ತುರುಕಿ ಪೆಟ್ಟಿಗೆ ಮುಚ್ಚಿದ್ದ. ಸೊಸೆ ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತಳು. ಉಳಿದಿರುವುದು ಉದ್ದನೆಯ ಅಳತೆ ಕೊಳವೆಗಳು, ತೆಳು ಗಾಜಿನವು. ಅವೂ ಒಡೆದರೆ ಹೊಸದು ಬರಲು ವರ್ಷ ಹಿಡಿಯುತ್ತದೆ.

"ಹಳೇ ಕಂಬಳಿ ಇದ್ದರೆ ಕೊಡು. ಚೀಲ ಹೊಲ್ದು ಕೊಡ್ತೀನಿ, ಒಂದೊಂದಕ್ಕೂ ಒಂದೊಂದು" ಎಂದಳು ಕಾಜಾ ಅಮ್ಮ. ಸೊಪ್ಪಿನ ದಿನದ ಮಾತನ್ನು ಹೇಗಾದರೂ ತೊಳೆದುಕೊಳ್ಳಬೇಕೆಂದು ಅವಳಿಗೂ ಇತ್ತು.

ಹಾಗೆ ಅವಳು ಮೊದಲ ಬಾರಿಗೆ ಸೊಸೆಯ ಪ್ರಯೋಗಾಲಯದ ಒಳಗೆ ಹೋದಳು. ಒಂದು ಮೇಜಿನ ಮೇಲೆ ಕಂಬಳಿ ಹರಡಿ, ಕೊಳವೆಯ ಉದ್ದಕ್ಕೆ ಅಳೆದು, ಕತ್ತರಿಸಿ, ಮೂತಿಗೆ ಗುಂಡಿ ಇಟ್ಟು ಹೊಲಿಯುತ್ತ ಕೂತಳು. ಕೈ ತನ್ನ ಪಾಡಿಗೆ ನಡೆಯುತ್ತಿತ್ತು, ಕಣ್ಣು ಸೊಸೆಯ ಹಿಂದೆ ಓಡುತ್ತಿತ್ತು. ಮನೆಯಲ್ಲಿ ಮೆಲ್ಲಗೆ ಮಾತಾಡುವ ಹುಡುಗಿ ಇಲ್ಲಿ ಆ ಕಪಾಟು ಇತ್ತ, ಈ ಪೆಟ್ಟಿಗೆ ಅತ್ತ ಎಂದು ಗಂಟಲೆತ್ತಿ ಹೇಳುತ್ತಿದ್ದಳು. ಗಂಡಸರು "ಆಯ್ತು ಮೇಡಂ" ಎಂದು ಓಡುತ್ತಿದ್ದರು. ಯಾರೋ ಏನೋ ತಮಾಷೆ ಮಾಡಿದಾಗ ಅವಳು ಮೇಜಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಜಾ ಅಮ್ಮನ ಸೂಜಿ ಒಂದು ಗಳಿಗೆ ನಿಂತಿತು. ಈ ನಗುವನ್ನು ಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತು ಎಂದು ಅವಳಿಗೆ ನೆನಪಾಗಲಿಲ್ಲ.

ಮಧ್ಯಾಹ್ನ ಬೆನ್ನು ನೋವೆಂದು ಎದ್ದು ಕಿಟಕಿಯ ಹತ್ತಿರ ಹೋದಳು. ಅದು ಸೊಸೆಯ ಮೇಜಿನ ಪಕ್ಕದ ಕಿಟಕಿ. ಕೆಳಗೆ ಗೇಟು, ರಸ್ತೆ, ರಸ್ತೆಯ ಆಚೆ ಮಗನ ಅಂಗಡಿ, ಅಂಗೈಯಲ್ಲಿ ಇಟ್ಟಂತೆ ಕಾಣುತ್ತಿತ್ತು. ಮಗ ಸ್ಟೂಲಿನ ಮೇಲೆ ಕೂತಿದ್ದ. ಎದ್ದು ಯಂತ್ರದ ಗಾಜು ಒರೆಸಿದ. ಮತ್ತೆ ಕೂತ. ಪಕ್ಕದ ಚಹಾದವನು ಆಗಲೇ ಗಾಡಿ ಎತ್ತಿಬಿಟ್ಟಿದ್ದ. ಫುಟ್‌ಪಾತ್ ಬಣಬಣ ಎನ್ನುತ್ತಿತ್ತು. ಮಗ ಕಾಗದದ ಕಟ್ಟು ಬಿಚ್ಚಿ, ಅಂಚು ಸರಿಮಾಡಿ, ಮತ್ತೆ ಕಟ್ಟಿದ. ಬುತ್ತಿ ಬಿಚ್ಚಿ ನಿಧಾನವಾಗಿ, ಒಂದೊಂದೇ ತುತ್ತು, ಹೊತ್ತು ಕಳೆಯುವವನ ಹಾಗೆ ತಿಂದ. ಒಂದು ನರಪಿಳ್ಳೆಯೂ ಬರಲಿಲ್ಲ. ಕಾಜಾ ಅಮ್ಮ ಕಾಲು ಸೋಲುವವರೆಗೂ ನಿಂತಿದ್ದಳು, ಆದರೂ ಬರಲಿಲ್ಲ.

ಹಿಂದಿನ ದಿನವಷ್ಟೇ ಅವನು ಊಟಕ್ಕೆ ಕೂತು, ಜನ ಇನ್ನೂ ಬರುತ್ತಾರೆ, ಇಲಾಖೆ ಹೋದರೇನು, ಬೀದಿ ಇದೆಯಲ್ಲ, ಇವತ್ತಂತೂ ಕೈ ಬಿಡುವಿರಲಿಲ್ಲ ಎಂದಿದ್ದ.

ಹಿಂದೆ ಸೊಸೆ ಬಂದು ನಿಂತದ್ದು ಗೊತ್ತಾಯಿತು. ಕಾಜಾ ಅಮ್ಮ ತಿರುಗದೆಯೇ ಕೇಳಿದಳು. "ದಿನಾ ಹೀಗೇನಾ?"

"ಅರ್ಧ ಆಫೀಸು ಖಾಲಿ ಆದಾಗಿನಿಂದ."

"ನೀನು ದಿನಾ ನೋಡ್ತೀಯಾ?"

"ನನ್ನ ಮೇಜು ಇಲ್ಲೇ ಅಲ್ವಾ ಅತ್ತೆ."

"ಅವನಿಗೆ ಹೇಳಿಲ್ವಾ?"

ಸೊಸೆ ಕಿಟಕಿಯ ಚಿಲಕವನ್ನು ಬೆರಳಿನಿಂದ ಆಡಿಸುತ್ತಿದ್ದಳು. "ಅವರು ಮನೇಲಿ ಆ ಮಾತು ಹೇಳುವಾಗ ನೀವು ಅವರ ಮುಖ ನೋಡಿದ್ದೀರಲ್ಲ. ನಾನು ಹೇಗೆ ಹೇಳ್ಲಿ?"

ಕಾಜಾ ಅಮ್ಮ ಮೇಜಿಗೆ ಮರಳಿ ಉಳಿದ ಚೀಲಗಳನ್ನು ಹೊಲಿದಳು. ಸಂಜೆ ಅಂಗಡಿಗೆ ಹೋಗಿ ಮಗನನ್ನು ಜೊತೆ ಮಾಡಿಕೊಳ್ಳಬೇಕೆಂದಿದ್ದವಳು ಹಿಂದಿನ ಗೇಟಿನಿಂದ ಹೊರಬಿದ್ದು ಮನೆಗೆ ಬಂದಳು.

ಆ ವಾರವೆಲ್ಲ ಅವಳು ಮಾತು ಕಮ್ಮಿ ಮಾಡಿದಳು. ಮಗನಿಗೆ ಇಷ್ಟವೆಂದು ಮೊಟ್ಟೆ ಹುರಿದು ಹಾಕಿದಳು. ಅವನು ಗಿರಾಕಿಗಳ ಕತೆ ಹೇಳಿದಾಗ "ಹೂಂ" ಎಂದಳು. ಸೊಸೆಯ ರೈಲಿನ ದಿನ ಹತ್ತಿರ ಬಂತು. ಮಗಳ ಪರೀಕ್ಷೆ ಮುಗಿಯುವವರೆಗೆ ಮಗಳೂ ಗಂಡನೂ ಅತ್ತೆಯೂ ಇಲ್ಲಿ, ತಾನೊಬ್ಬಳು ಅಲ್ಲಿ ಎಂದು ಸೊಸೆ ಒಂದು ತೀರ್ಮಾನಕ್ಕೆ ಬಂದಿದ್ದಳು. ಆಮೇಲೇನು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಹೊರಡುವ ಹಿಂದಿನ ಸಂಜೆ ಕಾಜಾ ಅಮ್ಮ ಎಲ್ಲರಿಗೂ ಬಡಿಸಿ, ತಾನೂ ಕೂತು, "ನಾನೂ ಹೋಗ್ತೀನಿ ಇವಳ ಜೊತೆ" ಎಂದಳು.

ಮಗ ತುತ್ತು ಬಾಯಿಗೆ ಇಡುವುದನ್ನು ಮರೆತ. ಸೊಸೆ "ಬೇಡ ಅತ್ತೆ" ಎಂದಳು. ಮೊಮ್ಮಗಳು ಅಜ್ಜಿಯನ್ನೇ ನೋಡಿದಳು.

"ನನ್ನ ತಾಯಿ ನೀನು. ನನ್ನ ಬಿಟ್ಟು ಅವಳ ಜೊತೆ ಹೋಗ್ತೀಯಾ?"

"ಅವಳು ಗೊತ್ತಿಲ್ಲದ ಊರಿಗೆ ಒಬ್ಬಳೇ ಹೋಗ್ತಿದ್ದಾಳೆ. ನೀನು ನಿನ್ನ ಮನೇಲೇ ಇರ್ತೀಯ."

"ಇಲ್ಲಿ ಅಡುಗೆ ಯಾರು ಮಾಡ್ತಾರೆ?"

"ನೀನು ಮಾಡ್ತೀಯ. ಮಗಳು ಓದ್ತಾಳೆ. ಅವಳ ಕೈಗೆ ಸೌಟು ಕೊಟ್ಟೆ ಅಂತ ನನ್ನ ಕಿವಿಗೆ ಬಿದ್ರೆ ನೋಡು."

ಮಗ ಕೈ ತೊಳೆದು ಎದ್ದುಹೋದ. ಮರುದಿನ ರೈಲ್ವೆ ನಿಲ್ದಾಣದಲ್ಲಿ ಹಾಸಿಗೆಯ ಸುರುಳಿ, ಪಾತ್ರೆಯ ಚೀಲ ಎಲ್ಲ ಹತ್ತಿಸಿದ. ತಾಯಿಯ ಮುಖ ನೋಡಲಿಲ್ಲ. ಗಾಡಿ ಹೊರಟು, ಬೀದಿಗಳು ಮುಗಿದು ಬಯಲು ಶುರುವಾದ ಮೇಲೆ ಕಾಜಾ ಅಮ್ಮ ಕಿಟಕಿಯ ಕಡೆ ತಿರುಗಿ ಅತ್ತಳು. ಆ ಬೀದಿಗೆ ಅವಳು ಮದುಮಗಳಾಗಿ ಬಂದವಳು. ಸೊಸೆ ಅಳುವಷ್ಟು ಅಳಲು ಬಿಟ್ಟು, ಆಮೇಲೆ ಯಾಕೆ ಬಂದಿರಿ ಎಂದು ಕೇಳಿದಳು.

"ನಾನಲ್ಲಿದ್ರೆ ದಿನಾ ಬುತ್ತಿ ಕಟ್ತೀನಿ. ನಾನು ಬುತ್ತಿ ಕಟ್ಟಿದ್ರೆ ಅವನು ದಿನಾ ಹೋಗಿ ಆ ಸ್ಟೂಲಿನ ಮೇಲೆ ಕೂತ್ಕೋತಾನೆ" ಎಂದು ಕಾಜಾ ಅಮ್ಮ ಮೂಗು ಒರೆಸಿಕೊಂಡಳು. "ಹುಟ್ಟಿದಾಗಿನಿಂದ ಅವನ ಸುಳ್ಳಿಗೆ ಹೂಂಗುಟ್ಟಿ ಅಭ್ಯಾಸ ಆಗಿಬಿಟ್ಟಿದೆ ನಂಗೆ."

ಹೊಸ ಊರು ಹೊಸದಾಗಿಯೇನೂ ಇರಲಿಲ್ಲ, ಹಳೆಯದೇ, ಧೂಳಿನದು. ಎರಡು ಕೋಣೆಯ ಬಾಡಿಗೆ ಮನೆ. ನಲ್ಲಿಯ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತಿತ್ತು, ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿರಲಿಲ್ಲ. ಹತ್ತಿ ಗಿರಣಿಯ ಗೋಡೆಗೆ ಇನ್ನೂ ಬಣ್ಣ ಹಚ್ಚುತ್ತಿದ್ದರು. ಕಂಬಳಿ ಚೀಲದಲ್ಲಿ ಬಂದ ಕೊಳವೆಗಳಲ್ಲಿ ಒಂದೂ ಒಡೆದಿರಲಿಲ್ಲ ಎಂದು ಸೊಸೆ ಖುಷಿಯಿಂದ ಬಂದು ಹೇಳಿದಳು.

ಅಲ್ಲಿ ಒಂದು ವಿಚಿತ್ರ ನಡೆಯಿತು. ರಾಜಧಾನಿಯಲ್ಲಿ ಆ ಇಲಾಖೆಗೆ ಬರುತ್ತಿದ್ದವರು ಕಂಟ್ರಾಕ್ಟರುಗಳು, ಕಾಗದ ಹಿಡಿದವರು. ಇಲ್ಲಿ ಜನ ನೀರು ಹಿಡಿದುಕೊಂಡು ಬಂದರು. ಎಣ್ಣೆಯ ಬಾಟಲಿಯಲ್ಲಿ, ಔಷಧಿಯ ಸೀಸೆಯಲ್ಲಿ, ಮುಚ್ಚಳವಿಲ್ಲದ ಚೊಂಬಿನಲ್ಲಿ. ನೀರು ನೋಡುವ ಮೇಡಂ ಮನೆ ಇದೇ ಎಂದು ತಿಳಿದ ಮೇಲೆ ಬಾಗಿಲಿಗೂ ಬಂದರು. ಪಕ್ಕದ ಮನೆಯ ಹೆಂಗಸು ತನ್ನ ಮಕ್ಕಳ ಹಲ್ಲೆಲ್ಲ ಕಂದಾಗುತ್ತಿವೆ ಎಂದು ಬಾವಿಯ ನೀರು ತಂದು ಕೊಟ್ಟಳು. ಕಾಜಾ ಅಮ್ಮ ಮೊದಮೊದಲು ಆಫೀಸಿಗೆ ಹೋಗಿ ಎಂದಳು, ಆಮೇಲೆ ಒಳಗೆ ಕರೆದು ಕೂರಿಸಿದಳು, ಆಮೇಲೆ ಅವರವರ ಬೀದಿಯ ಕತೆಯನ್ನೂ ಕೇಳತೊಡಗಿದಳು. ಸೊಸೆ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಬಾಟಲಿಗಳ ಸಾಲು ನಿಂತಿರುತ್ತಿತ್ತು.

ಮೊಮ್ಮಗಳು ಫೋನು ಮಾಡುತ್ತಿದ್ದಳು. ಅಪ್ಪ ಅನ್ನ ಮಾಡಿದ್ದರು ಅಜ್ಜಿ, ಕುಡಿದೆವು, ಎಂದಳು ಒಂದು ದಿನ. ಇನ್ನೊಂದು ದಿನ ರೊಟ್ಟಿಯ ಸುದ್ದಿ. ಅದನ್ನು ನೆನೆಸಿ ತಿನ್ನಬೇಕಾಯಿತಂತೆ. ಬರಬರುತ್ತ ದೂರು ಕಮ್ಮಿಯಾಯಿತು. ಅಪ್ಪ ಬೇಳೆಗೆ ಒಗ್ಗರಣೆ ಹಾಕಿದರು, ಚೆನ್ನಾಗಿತ್ತು, ನಿನ್ನಷ್ಟಲ್ಲ, ಎಂದಳು. ಅಂಗಡಿಯ ಮಾತು ಬಂದರೆ ಮಾತ್ರ ಅವಳು ಪರೀಕ್ಷೆ ಇದೆ ಎಂದು ಫೋನು ಇಟ್ಟುಬಿಡುತ್ತಿದ್ದಳು. ಮಗ ಫೋನಿಗೆ ಬರುತ್ತಿದ್ದುದು ಅಪರೂಪ. ಬಂದರೂ ಗ್ಯಾಸ್ ಮುಗಿದಿದೆ, ಚೀಟಿ ಎಲ್ಲಿಟ್ಟಿದ್ದೀಯ ಎಂಬಂಥ ಮಾತು.

ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಬಂದರು. ಮೊಮ್ಮಗಳು ಅಮ್ಮನ ಕೊರಳಿಗೆ ಜೋತುಬಿದ್ದಳು. ಮಗ ಬಾಗಿಲಲ್ಲೇ ಚೀಲ ಇಟ್ಟು, ಸೋಮವಾರವೇ ಹೊರಡಬೇಕು, ಗಿರಾಕಿಗಳು ಕಾಯುತ್ತಾರೆ ಎಂದ. ಅವನು ಇಳಿದುಹೋಗಿದ್ದ. ಅಂಗಿಯ ಕೊರಳು ದೊಡ್ಡದಾಗಿ ಕಾಣುತ್ತಿತ್ತು. ಮೊಮ್ಮಗಳು ಅಪ್ಪನ ಮಾತು ಕೇಳಿಸದವಳಂತೆ ಕಟ್ಟೆಯ ಮೇಲಿನ ಬಾಟಲಿಗಳನ್ನು ನೋಡುತ್ತ ನಿಂತಳು.

ಮರುದಿನ ಬೆಳಿಗ್ಗೆ ಕಾಜಾ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು. ಮಗ ಸುಮ್ಮನೆ ಬಂದು ಎದುರಿಗೆ ಕೂತು ಬೆಳ್ಳುಳ್ಳಿಯ ಗಡ್ಡೆ ಎತ್ತಿಕೊಂಡ. ಚಾಕುವಿನ ಬೆನ್ನಿನಿಂದ ಒಂದು ಏಟು ಹಾಕಿ ಸಿಪ್ಪೆ ಕಿತ್ತ, ಕೈ ಪಳಗಿತ್ತು. ನಾಲ್ಕಾರು ಎಸಳು ಬಿಡಿಸಿದ ಮೇಲೆ, ತಲೆ ತಗ್ಗಿಸಿಕೊಂಡೇ ಹೇಳಿದ.

"ಮೆಷೀನು ಮಾರಿಬಿಟ್ಟೆ."

ಸೊಸೆಯ ಕೈ ನಿಂತಿತು.

"ಅಂಗಡಿ ಬಾಗಿಲು ಹಾಕಿ ತಿಂಗಳಾಯ್ತು. ನೀನು ಹೊರಡೋಕೆ ಮುಂಚೇನೇ ಯಾರೂ ಬರ್ತಿರಲಿಲ್ಲ. ಮನೇಲಿ ಬಂದು ಸುಳ್ಳು ಹೇಳ್ತಿದ್ದೆ. ನೀನೊಬ್ಬಳು ದುಡಿದು ತರ್ತಿದ್ದೀಯ, ನಾನು ನೊಣ ಹೊಡೀತಾ ಕೂತಿದ್ದೀನಿ ಅಂತ ನಿನಗೆ ಹೇಳೋಕೆ ಆಗಲಿಲ್ಲ."

ಕಾಜಾ ಅಮ್ಮ ಅಕ್ಕಿಯ ಮೊರದಿಂದ ಕಣ್ಣೆತ್ತಿ ಸೊಸೆಯನ್ನು ನೋಡಿದಳು. ಕಿಟಕಿಯ ಮಾತು ಈಗ ಬರುತ್ತದೆ ಎಂದುಕೊಂಡಳು. ಬಂದರೆ ತಪ್ಪೂ ಅಲ್ಲ. ಅಷ್ಟು ದಿನ ನುಂಗಿಕೊಂಡವಳು.

ಸೊಸೆ ಮುಂಗೈಯಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿಯದೂ ಇರಬಹುದು. "ಹೇಳಬೇಕಿತ್ತು ನೀವು" ಎಂದಳು. "ಒಬ್ಬರೇ ಎಷ್ಟು ದಿನ ಅನುಭವಿಸಿದ್ರಿ."

"ನಿಂಗೆ ಅನುಮಾನ ಬರಲಿಲ್ವಾ?"

"ಇಲ್ಲ" ಎಂದಳು ಸೊಸೆ. ಈರುಳ್ಳಿಯನ್ನು ಮತ್ತೆ ಹೆಚ್ಚತೊಡಗಿದಳು.

ಮಗ ಉದ್ದಕ್ಕೆ ಉಸಿರು ಬಿಟ್ಟ. ಅವನ ಭುಜ ಕೆಳಗಿಳಿಯಿತು. ಉಳಿದ ಬೆಳ್ಳುಳ್ಳಿಯನ್ನೆಲ್ಲ ಬಿಡಿಸಿ, ಅಷ್ಟೊಂದು ಬೇಕಿರದಿದ್ದರೂ ಬಿಡಿಸಿ, ಬೀದಿ ನೋಡಿಕೊಂಡು ಬರುತ್ತೇನೆ ಎಂದು ಎದ್ದ. ಅವನು ತಿರುವು ದಾಟುವವರೆಗೆ ಅತ್ತೆ ಸೊಸೆ ಇಬ್ಬರೂ ಕಾದರು.

"ಹೇಳಲಿಲ್ಲವಲ್ಲ" ಎಂದಳು ಕಾಜಾ ಅಮ್ಮ.

"ಅವರಾಗೇ ಹೇಳಿದ್ರಲ್ಲ ಅತ್ತೆ. ನಂಗೆ ಅಷ್ಟು ಸಾಕು. ನೀವೂ ಹೇಳಬೇಡಿ."

"ನಾನ್ಯಾಕೆ ಹೇಳ್ಲಿ" ಎಂದು ಕಾಜಾ ಅಮ್ಮ ಮೊರ ಕೇರಿದಳು.

ಸೋಮವಾರ ಮಗ ಹೊರಡಲಿಲ್ಲ. ಗುರುವಾರವೂ ಹೊರಡಲಿಲ್ಲ. ನಲ್ಲಿಯ ವಾಷರ್ ಬದಲಾಯಿಸಿದ, ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟ, ಬಾಟಲಿ ತಂದವರ ಊರು ಹೆಸರು ಬರೆದು ಒಂದೊಂದಕ್ಕೂ ಚೀಟಿ ಅಂಟಿಸಿದ. ಒಂದು ಸಂಜೆ ಗಿರಣಿಯ ಮುಂದಿನ ರಸ್ತೆಯಿಂದ ಬಂದವನು, ಅಲ್ಲೊಂದು ಮಳಿಗೆ ಬಾಡಿಗೆಗಿದೆ, ಬಸ್ ನಿಲ್ದಾಣದ ಪಕ್ಕ ಇನ್ನೊಂದಿದೆ ಎಂದ. ಎರಡನೆಯದೇ ಸರಿ, ಆಫೀಸನ್ನೊಂದೇ ನಂಬಿ ಕೂರುವ ಕಾಲ ಹೋಯಿತು, ಬಸ್ ನಿಲ್ದಾಣವನ್ನು ಯಾವ ಸರಕಾರವೂ ಎತ್ತಿಕೊಂಡು ಹೋಗುವುದಿಲ್ಲ ಎಂದ.

"ಬಸ್‌ಸ್ಟ್ಯಾಂಡಿನಲ್ಲಿ ಯಾರು ಜೆರಾಕ್ಸ್ ಮಾಡಿಸ್ತಾರೆ? ತಲೆ ಇದೆಯೇನ್ರೀ ನಿಮಗೆ?" ಎಂದಳು ಸೊಸೆ.

"ನಿನಗೇನೇ ಗೊತ್ತು ವ್ಯಾಪಾರ? ಬಾಟಲಿ ಕುಲುಕಿದ ಹಾಗಲ್ಲ."

"ಕುಲುಕೋದೂ ಸುಲಭ ಅಲ್ಲ. ನಾಳೆ ಬಂದು ಕುಲುಕಿ, ಗೊತ್ತಾಗತ್ತೆ."

"ಬರ್ತೀನಿ. ನಿಮ್ಮ ದೊಡ್ಡ ಸಾಹೇಬರು ಬಿಟ್ರೆ."

ಮಳಿಗೆಯಿಂದ ಮಾತು ಮುಂಗಡಕ್ಕೆ ಹೋಯಿತು, ಮುಂಗಡದಿಂದ ಮಂಚ ಯಾವ ಗೋಡೆಗೆ ಹಾಕಬೇಕೆಂಬುದಕ್ಕೆ ಬಂತು, ಅಲ್ಲಿಂದ ಮಗಳ ಕಾಲೇಜಿಗೆ ಹಾರಿತು. ಇಬ್ಬರ ದನಿಯೂ ಏರಿತು. ಮೊಮ್ಮಗಳು ಎರಡು ಕಿವಿಗೂ ಬೆರಳಿಟ್ಟುಕೊಂಡು ಅಡುಗೆಮನೆಗೆ ಬಂದಳು. "ಅಜ್ಜಿ, ನಿಲ್ಲಿಸೋಕೆ ಹೇಳು. ಪಕ್ಕದ ಮನೆಯವರಿಗೆ ಕೇಳಿಸತ್ತೆ."

"ಕೇಳಿಸಲಿ ಬಿಡು" ಎಂದಳು ಕಾಜಾ ಅಮ್ಮ. ಮೊಮ್ಮಗಳಿಗೂ ತನಗೂ ಎರಡು ತಟ್ಟೆಗೆ ಬಡಿಸಿಕೊಂಡು, ನಡುಮನೆಯ ಗಲಾಟೆಗೆ ಬೆನ್ನು ಮಾಡಿ ಕೂತು, ನೆಮ್ಮದಿಯಾಗಿ ಊಟ ಮಾಡಿದಳು.